ರುದ್ರಕ್ಕನ ಹಳದಿ ಬಾನಿ

ತಿಪ್ಪೇರುದ್ರಮ್ಮನ ಬಗ್ಗೆ ನಮ್ಮ ಹಂಪಸಾಗರದಲ್ಲಿ ಯಾರನ್ನೇ ಕೇಳಿ, ಮೊದಲು ಬರುವುದು ಒಂದೇ ಮಾತು: ‘ಆಕಿ ಭಾಳ ಹಟಮಾರಿ ರೀ.’ ಇದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಗಂಡಸು ಹಿಡಿದ ಪಟ್ಟು ಬಿಡದಿದ್ದರೆ ಛಲಗಾರ. ಹೆಂಗಸು ಬಿಡದಿದ್ದರೆ ಹಟಮಾರಿ. ಅದೇ ಪಟ್ಟು, ಅದೇ ಊರು, ಹೆಸರು ಮಾತ್ರ ಬೇರೆ.

ನಾನು ಗವಿಸಿದ್ದೇಶ. ಬಸ್ ನಿಲ್ಲುವ ಕಟ್ಟೆಯ ಬದಿಗೆ ನನ್ನ ಸೈಕಲ್ ಶಾಪು. ಈಗ ಸೈಕಲ್ ತರುವವರು ಕಡಿಮೆ, ಬರುವುದೆಲ್ಲ ಮೊಪೆಡ್ಡಿನ ಪಂಚರು. ಆದರೂ ಬೋರ್ಡು ಬದಲಿಸಿಲ್ಲ. ರುದ್ರಕ್ಕನ ಮನೆ ನನ್ನ ಅಂಗಡಿಯ ಎದುರಿಗೇ ಇದೆ. ಹಾಗಾಗಿ ಅವಳ ಜಗಳಗಳಲ್ಲಿ ನಾನು ನೋಡದೆ ಹೋದದ್ದು ಕಡಿಮೆ.

ಅವಳು ಕೂಡ್ಲಿಗಿ ಕಡೆಯ ಕುರಿ ಸಾಕುವ ಮನೆತನದ ಮಗಳು. ಇಲ್ಲಿಗೆ ಸೊಸೆಯಾಗಿ ಬಂದಾಗ ಗಂಡ ಹುಲುಗಣ್ಣ ಕಂಬಳಿ ನೇಯುತ್ತಿದ್ದ. ಅವರ ಓಣಿಯಲ್ಲಿ ಹೆಂಗಸರು ಉಣ್ಣೆ ನೂಲುತ್ತಿದ್ದರು, ಗಂಡಸರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು, ತುಳಿಯುವ ಹಲಗೆಗಳ ಮೇಲೆ ಪಾದ ಇಟ್ಟು ಕೂರುತ್ತಿದ್ದರು. ಹುಲುಗಣ್ಣ ಚಿಕ್ಕ ವಯಸ್ಸಿಗೇ ಎದೆಬೇನೆಯಿಂದ ತೀರಿಕೊಂಡ. ಹಿರಿಯರು ಬಂದು ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿಬಿಡಮ್ಮ ಎಂದರು. ರುದ್ರಕ್ಕ ಅವರ ಎದುರಿಗೇ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕುಣಿಗೆ ಇಳಿದಳು. ಆಮೇಲೆ ಮೇಲೆ ಬಂದದ್ದು ಕಂಬಳಿ ಮುಗಿದ ಮೇಲೆಯೇ. ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಎಲ್ಲಿ ಹೋದರೂ ಅವಳ ಕರಿ ಕಂಬಳಿ ಹೊದ್ದವರು ಸಿಗುತ್ತಾರೆ. ಮೊದಲು ಮೂಗು ಮುರಿದವರೇ ಮಗಳ ಮದುವೆಗೆ ಕಂಬಳಿ ಬೇಕೆಂದು ಅವಳ ಬಾಗಿಲಿಗೆ ಬಂದರು.

ಇಷ್ಟು ಹೇಳಿದ ಮೇಲೆ ಗಡ್ಡೆಯ ವಿಷಯ ಹೇಳಲೇಬೇಕು. ಬೇಸಿಗೆಗೆ ಹೊಳೆಯ ಹಿನ್ನೀರು ಇಳಿಯುತ್ತದಲ್ಲ, ಆಗ ನೀರಿನ ನಡುವೆ ಮೆಕ್ಕಲು ಮಣ್ಣಿನ ದೊಡ್ಡ ದಿಬ್ಬವೊಂದು ಬೆನ್ನು ತೋರಿಸುತ್ತದೆ. ಕಾಗದದಲ್ಲಿ ಅದು ಊರಿನ ಯಾರದೂ ಅಲ್ಲ. ಆದರೆ ಸೌತೆ, ಕಲ್ಲಂಗಡಿ, ಹೆಸರು ಹಾಕಿದರೆ ಗೊಬ್ಬರವಿಲ್ಲದೆ ಬೆಳೆಯುತ್ತದೆ. ಗಡ್ಡೆಯ ನೆತ್ತಿ ಕಂಡ ಮೇಲಿನ ಮೊದಲ ಸೋಮವಾರ ಬೇಸಾಯ ಮಾಡುವವರು ಹೋಗಿ ತಮ್ಮ ತಮ್ಮ ಜಾಗಕ್ಕೆ ಗೂಟ ನೆಡಬೇಕು. ಗೂಟ ನೆಟ್ಟವರದು ಆ ವರ್ಷದ ನೆಲ. ಒಂದು ವರ್ಷ ಗೂಟ ತಪ್ಪಿದರೆ ಆ ಜಾಗ ಪಕ್ಕದವರ ಪಾಲು, ಮತ್ತೆ ಕೇಳುವಂತಿಲ್ಲ. ಇದರ ಜೊತೆಗೆ ಇನ್ನೊಂದು ಕಟ್ಟುಪಾಡು: ಗೂಟ ನೆಡುವವರು ತಮ್ಮ ಹುಟ್ಟು ತಾವೇ ಹಾಕಿಕೊಂಡು ನೀರು ದಾಟಬೇಕು. ಇನ್ನೊಬ್ಬರ ಹರಿಗೋಲಿನಲ್ಲಿ ಕುಳಿತು ಬಂದವರ ಗೂಟ ಗೂಟವೇ ಅಲ್ಲ. ಪೇಟೆಯ ದುಡ್ಡಿನ ಕುಳಗಳು ಆಳು ಹಿಡಿದು ಬಂದು ಗಡ್ಡೆಯನ್ನು ನುಂಗಬಾರದು ಎಂದು ಹಳಬರು ಮಾಡಿದ ನೇಮ. ಒಳ್ಳೆಯ ನೇಮವೇ.

ರುದ್ರಕ್ಕ ಪ್ರತಿ ವರ್ಷವೂ ತಾನೇ ಹರಿಗೋಲು ಹಾಕಿಕೊಂಡು ಹೋಗಿ ಗೂಟ ನೆಟ್ಟವಳು. ಆದರೆ ಹೋದ ಮಳೆಗಾಲದಲ್ಲಿ ಉಣ್ಣೆ ಚೀಲ ಇಳಿಸಲು ಹೋಗಿ ಅಟ್ಟದಿಂದ ಬಿದ್ದಳು. ಬಲ ಹೆಗಲ ಮೂಳೆ ಮುರಿಯಿತು. ಕಟ್ಟಿದ ಪಟ್ಟಿಯನ್ನು ಬಿಚ್ಚಬೇಡ ಎಂದು ಎಲ್ಲರೂ ಹೇಳಿದ್ದರು. ಅರ್ಧ ನೇಯ್ದ ಕಂಬಳಿ ಕಣ್ಣೆದುರಿಗೆ ಇತ್ತು, ಬಿಚ್ಚಿದಳು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಈಗ ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ, ಮೈಗೆ ಅಡ್ಡವಾಗಿ ಎಡಕ್ಕೂ ಚಾಚುವುದಿಲ್ಲ. ಲಾಳಿ ಎಸೆಯಲಾಗದೆ ಮಗ್ಗ ನಿಂತಿತು. ಇನ್ನು ಹರಿಗೋಲಂತೂ ಎರಡೂ ರಟ್ಟೆಯ ಕೆಲಸ. ಒಂದೇ ಕೈಯಲ್ಲಿ ಹುಟ್ಟು ಹಾಕಿದರೆ ನಿಂತಲ್ಲೇ ಗಿರಗಿರ ತಿರುಗುತ್ತದೆ. ಮಗ್ಗ ಹೋದ ಮೇಲೆ ಅವಳದೆಂದು ಉಳಿದದ್ದು ಆ ಗಡ್ಡೆಯ ತುಂಡೊಂದೇ.

ಚಳಿಗಾಲ ಮುಗಿಯುವ ಹೊತ್ತಿಗೆ ಮೈದುನ ದೊಡ್ಡಬೀರಪ್ಪ ಬಂದ. ಗಡ್ಡೆಯಲ್ಲಿ ಅವನ ಜಾಗ ಅವಳದರ ಪಕ್ಕದಲ್ಲೇ ಇದೆ. ನಾನು ಅಂಗಡಿಯಲ್ಲಿ ಕೂತು ಟ್ಯೂಬಿಗೆ ಪ್ಯಾಚ್ ಹಚ್ಚುತ್ತಿದ್ದೆ, ಮಾತೆಲ್ಲ ಕೇಳಿಸುತ್ತಿತ್ತು.

“ಅತ್ತಿಗಿ, ಈ ಸಲ ನೀ ಮನ್ಯಾಗ ಇರು. ನಿನ್ನ ಗೂಟ ನಾ ನೆಡ್ತೀನಿ. ಬೆಳದ್ರಾಗ ನಿನಗೂ ಕೊಡ್ತೀನಿ, ಉಪಾಸ ಕೆಡವಂಗಿಲ್ಲ.”

“ನೀ ನೆಟ್ರ ಅದು ನಿನ್ನ ಗೂಟಲೇ ಬೀರಪ್ಪ.”

“ಮತ್ತ ಹೆಂಗ ಹೊಕ್ಕಿ? ಕೈ ಎತ್ತಾಕ ಬರಂಗಿಲ್ಲ ನಿನಗ.”

“ಹೆಂಗರ ಹೊಕ್ಕೀನಿ. ನೀ ನಿನ್ನ ಗೂಟ ನೋಡ್ಕ.”

ಬೀರಪ್ಪ ಕೆಟ್ಟವನೇನಲ್ಲ. ಮಗನಿಗೆ ನೆಲ ಸಾಲದು ಎಂಬ ಚಿಂತೆ ಅವನಿಗೆ. ಆದರೆ ಅವನು ಹೋಗುವಾಗ ಹಲ್ಲು ಬಿಟ್ಟು ನಕ್ಕ ರೀತಿ ನನಗೆ ಸರಿಬರಲಿಲ್ಲ. ಹಿರಿಯ ಬೊಮ್ಮಪ್ಪಜ್ಜನೂ ಎರಡು ದಿನ ಬಿಟ್ಟು ಬಂದು, ನೀನು ಒಂದು ಮಾತು ಕೇಳಿಕೊಂಡರೆ ನೇಮ ಸಡಿಲಿಸೋಣ ಎಂದ. ರುದ್ರಕ್ಕ ಅವನಿಗೆ ಚಹಾ ಕೊಟ್ಟು ಕಳಿಸಿದಳು, ಕೇಳಿಕೊಳ್ಳಲಿಲ್ಲ. ಯಾಕಕ್ಕ ಎಂದರೆ ನನ್ನ ಮೇಲೆಯೇ ಹರಿಹಾಯ್ದಳು: “ಇವತ್ತು ಕರುಣಿ ಮಾಡಿ ಕೊಟ್ಟಿದ್ದನ್ನ ನಾಳಿ ಕರುಣಿ ಸಾಕಾತು ಅಂತ ಕಸ್ಕಂತಾರ. ನನಗ ಗೊತ್ತಿಲ್ಲನು?”

ಇನ್ನು ಹಳದಿ ಬಾನಿ. ಕೆಲವು ವರ್ಷದ ಹಿಂದೆ ಯಾರೋ ಹಿನ್ನೀರಿನ ದಂಡೆಯಲ್ಲಿ ಗುಡಾರ ಹಾಕಿ, ಉದ್ದುದ್ದ ಪ್ಲಾಸ್ಟಿಕ್ ದೋಣಿ ತಂದು, ಜಲಕ್ರೀಡೆ ಎಂದು ಬೋರ್ಡು ನೆಟ್ಟಿದ್ದರು. ಒಂದು ಹಂಗಾಮು ಬಣ್ಣಬಣ್ಣದ ಅಂಗಿಯವರು ಬಂದು ತೇಲಿದರು, ಕಿರುಚಿದರು, ಫೋಟೋ ತೆಗೆದುಕೊಂಡರು. ಆಮೇಲೆ ಗುಡಾರ ಕಿತ್ತು ಹೋದರು. ಕಯಾಕ್ ಎನ್ನುವ ಆ ದೋಣಿಗಳಲ್ಲಿ ಹಳದಿ ಬಣ್ಣದ ಮುರುಕು ಒಂದನ್ನು ದಂಡೆಯಲ್ಲೇ ಬಿಟ್ಟಿದ್ದರು. ನಮ್ಮವರು ಬಿಡುತ್ತಾರೆಯೇ? ಅದರ ಬೆನ್ನನ್ನು ಗರಗಸದಿಂದ ಕೊಯ್ದು ಬಾಯಿ ಅಗಲ ಮಾಡಿ, ರುದ್ರಕ್ಕನ ಮನೆಯ ಮುಂದೆ ಇಟ್ಟು, ಓಣಿಯ ಕುರಿಗಳಿಗೆ ನೀರು ಕುಡಿಸುವ ಬಾನಿ ಮಾಡಿದರು. ನೀರಿನ ಮೇಲೆ ಇರಬೇಕಾದ ದೋಣಿಯ ಹೊಟ್ಟೆಗೇ ನೀರು ತುಂಬಿದ ಶಾಣೇರು ನಾವು.

ಬೀರಪ್ಪ ಬಂದುಹೋದ ಮಾರನೆಯ ವಾರ ರುದ್ರಕ್ಕ ಬಾನಿ ತೊಳೆಯುತ್ತಿದ್ದಳು. ಪಾಚಿ ಗಟ್ಟಿಯಾಗಿ ಹಿಡಿದಿತ್ತು. ಕೈ ಬಗ್ಗದೆ ಬಾನಿಯೊಳಗೇ ಇಳಿದು ಕೂತು ಕಾಲಿನಿಂದ ತಿಕ್ಕುತ್ತಿದ್ದಳು. ಇದ್ದಕ್ಕಿದ್ದಂತೆ ನನ್ನನ್ನು ಕೂಗಿದಳು. ಏನು ಹಾವು ಗೀವು ಕಂಡಿತೋ ಎಂದು ನಟ್ಟು ಬಿಚ್ಚುವ ಪಾನಾ ಹಿಡಿದೇ ಓಡಿದೆ.

“ಸಿದ್ದೇಶಿ, ಹಿಂದ ನೋಡು. ನಾ ತುಳದ್ರ ಏನರ ಅಲುಗತೈತೇನು?”

ನೋಡಿದೆ. ಅವಳು ಒಳಗೆ ಕಾಲು ಒತ್ತಿದಾಗ ಬಾನಿಯ ಹಿಂಬದಿಯಲ್ಲಿ ಒಂದು ತುಂಡು ಕಬ್ಬಿಣ ಎಡಕ್ಕೆ ಹೊರಳಿತು. ಚುಕ್ಕಾಣಿಯ ಹಲಗೆ ಯಾವಾಗಲೋ ಮುರಿದು ಹೋಗಿತ್ತು, ಬುಡ ಮಾತ್ರ ಉಳಿದಿತ್ತು. ಒಳಗೆ ಎರಡು ಪೆಡಲ್ಲು, ಅದರಿಂದ ಹಿಂದಕ್ಕೆ ತುಕ್ಕು ಹಿಡಿದ ಎರಡು ತಂತಿ. ಸ್ಕ್ರೂ ಬಿಚ್ಚಲು ಬರದೆ ನಮ್ಮವರು ಹಾಗೆಯೇ ಬಿಟ್ಟಿದ್ದರು. ಬಲಗಾಲು ಒತ್ತಿದರೆ ದೋಣಿ ಬಲಕ್ಕೆ, ಎಡಗಾಲು ಒತ್ತಿದರೆ ಎಡಕ್ಕೆ. ಅಷ್ಟೇ ಅದರ ಗುಟ್ಟು.

ರುದ್ರಕ್ಕ ಎರಡೂ ಪೆಡಲ್ಲಿನ ಮೇಲೆ ಪಾದ ಇಟ್ಟುಕೊಂಡು ಒಂದಾದ ಮೇಲೆ ಒಂದು ತುಳಿಯುತ್ತ ಕೂತಿದ್ದಳು. ಕುರಿಗಳು ಬಾಯಾರಿ ಸುತ್ತ ಅರಚುತ್ತಿದ್ದವು. “ಇದು ಮಗ್ಗದ ಕುಣಿನ ನೋಡಲೇ. ಬಾನಿ ಅಂದ್ಕಂಡು ಇಷ್ಟು ದಿನ ಕುರಿಗೆ ಬಿಟ್ಟಿದ್ವಿ,” ಎಂದಳು. ಅವಳು ಅಟ್ಟದಿಂದ ಬಿದ್ದ ಮೇಲೆ ಆ ಮುಖದಲ್ಲಿ ನಗು ಕಂಡದ್ದು ಅವತ್ತೇ. ನನಗೆ ಕಣ್ಣು ತುಂಬಿ ಬಂತು, ತೋರಿಸಿಕೊಳ್ಳದೆ ತಂತಿ ಜಗ್ಗಿ ನೋಡಿದೆ.

ಒಂದು ಕೈಯಲ್ಲಿ ಒಂದೇ ಬದಿಗೆ ಹುಟ್ಟು ಹಾಕಿದರೆ ದೋಣಿ ಸೊಟ್ಟ ಹೋಗುತ್ತದೆ. ಆ ಸೊಟ್ಟವನ್ನು ಕಾಲು ನೆಟ್ಟಗೆ ಮಾಡಲಿ ಎಂಬುದು ನಮ್ಮ ಯೋಚನೆ. ಹಗರಿಬೊಮ್ಮನಹಳ್ಳಿಯ ಗುಜರಿಯಲ್ಲಿ ಟ್ರ್ಯಾಕ್ಟರಿನ ಹಳೇ ಮಡ್‌ಗಾರ್ಡು ಸಿಕ್ಕಿತು, ಅದರ ತಗಡನ್ನು ಕೊಯ್ದು ಚುಕ್ಕಾಣಿಯ ಹಲಗೆ ಮಾಡಿದೆ. ತುಕ್ಕಿನ ತಂತಿ ಕಿತ್ತು ಮೊಪೆಡ್ಡಿನ ಬ್ರೇಕ್ ವೈರ್ ಎಳೆದೆ. ಕಸ ಗಿಸ ಸಿಕ್ಕಿಕೊಂಡರೆ ಹಲಗೆ ಮೇಲೆತ್ತಲು ಒಂದು ಹಗ್ಗ ಕಟ್ಟಿ, ಅವಳ ಎಡ ತೊಡೆಯ ಬಳಿಗೆ ತಂದೆ. ಹುಟ್ಟಿನ ಕೋಲು ಗಿಡ್ಡ ಮಾಡಿ, ಅದನ್ನು ಟ್ಯೂಬಿನ ಪಟ್ಟಿಯಿಂದ ಅವಳ ಎಡ ಮುಂಗೈಗೆ ಬಿಗಿದೆ. ತಳಕ್ಕೆ ಮರಳು ಚೀಲ ಹಾಕಿದೆವು, ಹೊಯ್ದಾಟ ನಿಂತಿತು. ಅವಳಿಗೆ ಈಜು ಬರುತ್ತದೆ, ಆದರೂ ಸೊಂಟಕ್ಕೆ ಒಣ ಸೋರೆ ಬುರುಡೆ ಕಟ್ಟಿಕೊಳ್ಳದೆ ನೀರಿಗೆ ಇಳಿದರೆ ವೈರ್ ಕಿತ್ತುಹಾಕುತ್ತೇನೆ ಎಂದು ಹೆದರಿಸಿದ್ದೆ. ಕಟ್ಟಿಕೊಂಡಳು.

ಮೊದಲ ದಿನ ನೀರಿಗೆ ಬಿಟ್ಟಾಗ ದೋಣಿ ಹಾವಿನ ಹಾಗೆ ಹೋಯಿತು. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ, ಮತ್ತೆ ಎಡಕ್ಕೆ. ದಂಡೆಯಲ್ಲಿ ಬಟ್ಟೆ ಒಗೆಯುವವರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ನಾನು ಮೊಣಕಾಲು ನೀರಿನಲ್ಲಿ ನಿಂತು ಕೂಗಿದೆ: “ಅಕ್ಕಾ, ಕಾಲು ಯಾಕ ಕುಣಸ್ತೀ? ಎಡಗಾಲು ಒಂದ ಒತ್ತಿ ಹಿಡಿ!”

ಹಿಡಿದಳು. ಒಂದು ಹುಟ್ಟು ಸರಿ ಹೋಯಿತು. ಎರಡನೆಯ ಹುಟ್ಟಿಗೆ ಬಲಗಾಲು ತಾನಾಗಿಯೇ ಒತ್ತಿತು. ಆಗ ಗೊತ್ತಾಯಿತು ನನಗೆ. ಮಗ್ಗದಲ್ಲಿ ಕಾಲು ತುಳಿದರೆ ಹಾಸಿನ ದಾರ ಬಿಡಿಸಿಕೊಂಡು ಲಾಳಿಗೆ ದಾರಿ ಆಗುತ್ತದೆ; ಒಂದು ಸಲ ಲಾಳಿ ಎಸೆದರೆ ಒಂದು ಕಾಲು, ಇನ್ನೊಂದು ಸಲ ಎಸೆದರೆ ಇನ್ನೊಂದು ಕಾಲು. ಜೀವಮಾನವೆಲ್ಲ ಹಾಗೆ ತುಳಿದವಳು. ಕೈ ಆಡಿದರೆ ಸಾಕು, ಕಾಲು ಬದಲಾಗುತ್ತದೆ. ಬೇರೆ ಯಾರನ್ನು ಕೂರಿಸಿದ್ದರೂ ಈ ತಪ್ಪು ಆಗುತ್ತಿರಲಿಲ್ಲ.

ವಾರವಿಡೀ ಪ್ರಯತ್ನಿಸಿದೆವು. ಬಲಗಾಲನ್ನು ಮಡಚಿಕೊಂಡು ಕೂತರೆ ಎಡಗಾಲೂ ಮುಷ್ಕರ ಹೂಡುತ್ತಿತ್ತು. ನಾನು ರೇಗಿದೆ. ಕಾಲಿಗೆ ಬುದ್ಧಿ ಹೇಳು ಎಂದೆ. ಅವಳು ನನಗಿಂತ ಜೋರಾಗಿ ರೇಗಿದಳು.

“ಕಾಲಿಗೆ ಬುದ್ಧಿ ಹೇಳಾಕ ಅದೇನು ತಪ್ಪು ಮಾಡೇತಿ? ಅದು ತನ್ನ ಕೆಲಸ ಮಾಡಾಕತ್ತೇತಿ. ನನ್ನ ಕಾಲು ಬದಲಾಗಂಗಿಲ್ಲ. ನಿನ್ನ ವೈರ್ ಬದಲು ಮಾಡು.”

“ಏನಂತ ಬದಲು ಮಾಡ್ಲಿ?”

“ಬಲಗಾಲಿನ ವೈರ್ ಕಿತ್ತಾಕು.”

“ಕಿತ್ರ ಬಲಕ್ಕ ಹೆಂಗ ತಿರುಗ್ತೈತಿ?”

“ನಾ ಎಡಕ್ಕ ಹುಟ್ಟು ಹಾಕ್ತೀನಲ್ಲ, ಅದರ ಪಾಡಿಗೆ ಅದು ಬಲಕ್ಕ ಹೊಕ್ಕೈತಿ. ಅದಕ್ಕ ಕಾಲು ಯಾಕ ಬೇಕು?”

ಬಲಗಡೆಯ ವೈರ್ ಬಿಚ್ಚಿ, ಆ ಪೆಡಲ್ಲಿನ ಹಿಂದೆ ಒಂದು ಮರದ ತುಂಡು ಕೂರಿಸಿದೆ. ಚುಕ್ಕಾಣಿ ತಾನಾಗಿ ನೆಟ್ಟಗೆ ಬರಲೆಂದು ಸೈಕಲ್ ಟ್ಯೂಬಿನ ರಬ್ಬರ್ ಬಿಗಿದೆ. ಈಗ ಅವಳು ಎಡಗಾಲು ತುಳಿದರೆ ದೋಣಿ ಎಡಕ್ಕೆ ಎಳೆಯುತ್ತದೆ, ಬಲಗಾಲು ತುಳಿದರೆ ಏನೂ ಆಗುವುದಿಲ್ಲ. ಒಂದು ಹುಟ್ಟಿಗೆ ಬಲಕ್ಕೆ ಸರಿದದ್ದು ಮುಂದಿನ ಹುಟ್ಟಿಗೆ ಎಡಕ್ಕೆ ಬಂದು ಸರಿಹೋಗುತ್ತದೆ. ಸ್ವಲ್ಪ ತೊನೆಯುತ್ತಿತ್ತು, ಆದರೆ ಹೊರಟ ಕಡೆಗೇ ಹೋಗುತ್ತಿತ್ತು. ರುದ್ರಕ್ಕ ದಂಡೆಯಿಂದ ದಂಡೆಗೆ ಹೋಗಿ ಬಂದು, ಬಟ್ಟೆ ಒಗೆಯುವವರ ಮುಂದೆಯೇ ಇಳಿದು, ಸೀರೆ ಹಿಂಡಿಕೊಂಡು ಮನೆಗೆ ಹೋದಳು.

ಗೂಟ ನೆಡುವ ಸೋಮವಾರ ಬೆಳಿಗ್ಗೆಯೇ ಗಾಳಿ ಎದ್ದಿತ್ತು. ಹರಿಗೋಲುಗಳು ಒಂದೊಂದಾಗಿ ನೀರಿಗೆ ಬಿದ್ದವು. ನಾನು ಗೂಟ ನೆಡುವವನಲ್ಲ, ಯಾರ ಹರಿಗೋಲಾದರೂ ನನಗೆ ನಡೆಯುತ್ತಿತ್ತು; ಬೊಮ್ಮಪ್ಪಜ್ಜನದರಲ್ಲಿ ಹತ್ತಿಕೊಂಡೆ. ರುದ್ರಕ್ಕ ಹಳದಿ ಬಾನಿಯನ್ನು ಕುರಿಗಳ ನಡುವಿನಿಂದಲೇ ಎಳೆಸಿಕೊಂಡು ಬಂದಾಗ ದಂಡೆಯ ತುಂಬ ನಗು. “ಕುರಿ ಎಲ್ಲಿ ಬಿಟ್ಟು ಬಂದ್ಯವ್ವಾ?” ಎಂದು ಒಬ್ಬ ಕೂಗಿದ. “ಅಕಾ ನೋಡು, ಒಂದು ಇಲ್ಲೇ ಅರಚಾಕತ್ತೇತಲ್ಲ,” ಎಂದು ಅವನನ್ನೇ ತೋರಿಸಿ ದೋಣಿಗೆ ಇಳಿದಳು.

ಅರ್ಧ ದಾರಿಯವರೆಗೆ ಚೆನ್ನಾಗಿಯೇ ಹೋದಳು. ಬೀರಪ್ಪ ಮತ್ತು ಅವನ ಮಗ ಮೈಲಾರೇಶ ತಮ್ಮ ತಮ್ಮ ಹರಿಗೋಲಿನಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದರು. ಆಮೇಲೆ ಬಾನಿ ಗಕ್ಕನೆ ನಿಂತಿತು. ಯಾರೋ ಮೀನಿಗೆ ಬಿಟ್ಟ ಬಲೆ ನೀರಿನ ಅಡಿಯಲ್ಲಿ ಇತ್ತು, ಚುಕ್ಕಾಣಿ ಅದರಲ್ಲಿ ಸಿಕ್ಕಿಕೊಂಡಿತ್ತು. ಹಲಗೆ ಎತ್ತುವ ಹಗ್ಗ ಅವಳ ಎಡಕ್ಕಿದೆ, ಆದರೆ ಎಡಗೈಗೆ ಹುಟ್ಟನ್ನು ನಾನೇ ಬಿಗಿದಿದ್ದೆನಲ್ಲ. ಬಲಗೈ ಅಲ್ಲಿಗೆ ಮುಟ್ಟದು. ಹುಟ್ಟು ನಿಲ್ಲಿಸಿದ ಕೂಡಲೇ ಗಾಳಿ ಅವಳನ್ನು ಅಡ್ಡಡ್ಡ ತಳ್ಳತೊಡಗಿತು.

“ಅಜ್ಜಾ, ಆ ಕಡಿಗೆ ಹೊಡೀರಿ, ಬಿಡಿಸಿ ಬರ್ತೀನಿ,” ಎಂದೆ.

ಬೊಮ್ಮಪ್ಪಜ್ಜ ಹರಿಗೋಲು ತಿರುಗಿಸಲೂ ಇಲ್ಲ, ಮುಂದಕ್ಕೆ ಬಿಡಲೂ ಇಲ್ಲ. “ನೀ ಮುಟ್ಟಿದ್ರ ಆಕಿ ಗೂಟ ಹೋತು. ಬೇಕನು?” ಎಂದ.

ರುದ್ರಕ್ಕ ನಮ್ಮ ಕಡೆ ನೋಡಲೂ ಇಲ್ಲ. ತೊಡೆಯ ಮೇಲೆ ಬಾಗಿ, ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಕತ್ತು ಹಿಂದಕ್ಕೆ ಎಳೆದಳು. ಒಂದು ಸಲ ಜಾರಿತು. ಎರಡನೆಯ ಸಲ ಹಲಗೆ ಮೇಲೆದ್ದಿತು, ಬಲೆ ಕಳಚಿತು. ಹಗ್ಗ ಬಾಯಲ್ಲಿ ಇರುವಾಗಲೇ ಎರಡು ಹುಟ್ಟು ಹಾಕಿ ಬಲೆ ದಾಟಿ, ಆಮೇಲೆ ಹಗ್ಗ ಉಗುಳಿದಳು. ಚುಕ್ಕಾಣಿ ನೀರಿಗೆ ಬಿತ್ತು. ತುಟಿಯಲ್ಲಿ ರಕ್ತ ಇತ್ತು. ಎಡಗಾಲು, ಬಲಗಾಲು, ಎಡಗಾಲು, ಬಾನಿ ಮತ್ತೆ ಹೊರಟಿತು.

ಕೊನೆಯವಳಾಗಿ ಬಂದಳು, ಆದರೆ ಬಂದಳು. ಅಷ್ಟರಲ್ಲಿ ಹಿರಿಯರು ಗಡ್ಡೆಯ ನೆತ್ತಿಯ ಮೇಲೆ ಕಂಬಳಿ ಹಾಸಿ ಕೂತಿದ್ದರು. ಗೂಟದ ದಿನ ಏನೇ ತಕರಾರು ಬಂದರೂ ಕರಿ ಕಂಬಳಿಯ ಮೇಲೆ ಕೂತೇ ತೀರ್ಮಾನ ಹೇಳಬೇಕು, ನೆಲದ ಮೇಲೆ ಕೂತು ಹೇಳಿದ್ದು ನಡೆಯುವುದಿಲ್ಲ. ರುದ್ರಕ್ಕ ಗೂಟ ಹಿಡಿದು ಕೆಸರಿನಲ್ಲಿ ಬರುತ್ತಿದ್ದಂತೆ ಬೀರಪ್ಪ ಕಂಬಳಿಯ ಮುಂದೆ ಹೋಗಿ ನಿಂತ.

“ಅಜ್ಜಾ, ನೇಮ ಅಂದ್ರ ನೇಮ. ತನ್ನ ರಟ್ಟಿ ಬಲದಾಗ ನೀರು ದಾಟಬೇಕು. ಅತ್ತಿಗಿ ಅರ್ಧ ದಾರಿ ಕಾಲಿಲೆ ಬಂದಾಳ. ಕೈ ನೂಕೇತಿ, ದಾರಿ ಹಿಡಿದಿದ್ದು ಕಾಲು. ಕಾಲಿಂದು ಲೆಕ್ಕಕ್ಕ ಬರಂಗಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಏನೋ ಹೇಳಲು ಬಾಯಿ ತೆರೆದೆ, ರುದ್ರಕ್ಕ ಕಣ್ಣಲ್ಲೇ ಸುಮ್ಮನಿರಿಸಿದಳು. ಬೊಮ್ಮಪ್ಪಜ್ಜ ಗಡ್ಡ ಕೆರೆಯುತ್ತ, “ಬೀರಪ್ಪ ಹೇಳೋದ್ರಾಗೂ ಒಂದು ಮಾತೈತವ್ವಾ. ಹಿಂದಿನವರು ಕಾಲಿನ ಸುದ್ದಿ ಹೇಳಿಲ್ಲ,” ಎಂದ.

ರುದ್ರಕ್ಕ ಒದ್ದೆ ಸೀರೆಯಲ್ಲೇ ಕಂಬಳಿಯ ಅಂಚಿಗೆ ಬಂದು ನಿಂತಳು. “ಹಂಗಾದ್ರ ಎದ್ದೇಳ್ರಿ ಅಜ್ಜಾ.”

“ಯಾಕವ್ವಾ?”

“ಈ ಕಂಬಳಿ ನಾ ನೇಯ್ದಿದ್ದು. ಕೈ ಲಾಳಿ ಒಗದೇತಿ, ದಾರ ಬಿಡಿಸಿದ್ದು ಕಾಲು. ಕಾಲಿಂದು ಲೆಕ್ಕಕ್ಕ ಬರಂಗಿಲ್ಲ ಅಂದ್ರ ಇದೂ ಲೆಕ್ಕಕ್ಕ ಬರಂಗಿಲ್ಲ. ಎದ್ದೇಳ್ರಿ, ಕೆಸರಾಗ ಕುಂತು ತೀರ್ಮಾನ ಹೇಳ್ರಿ. ಬೀರಪ್ಪ, ನಿನ್ನ ಹೆಗಲ ಮ್ಯಾಗಿಂದೂ ನನ್ನದ. ತಗದು ಇಲ್ಲಿ ಇಡು.”

ಬೀರಪ್ಪನ ಕೈ ತಾನಾಗಿಯೇ ಹೆಗಲ ಕಂಬಳಿಗೆ ಹೋಯಿತು. ತೆಗೆಯಲಿಲ್ಲ. ಸುತ್ತ ನಿಂತವರಲ್ಲಿ ಬಹಳ ಜನ ಕಂಬಳಿ ಹೊದ್ದಿದ್ದರು. ಯಾವುದು ಅವಳದು, ಯಾವುದು ಅಲ್ಲ ಎಂದು ಅವರವರಿಗೇ ಗೊತ್ತಿತ್ತು.

ಬೊಮ್ಮಪ್ಪಜ್ಜ ಕೂತಲ್ಲೇ ಕಂಬಳಿಯ ಮೇಲೆ ಒಂದು ಸಲ ಕೈ ಆಡಿಸಿದ. “ನಾ ಏಳಂಗಿಲ್ಲ. ಹೋಗಿ ಗೂಟ ನೆಡವ್ವಾ,” ಎಂದ.

ರುದ್ರಕ್ಕ ತನ್ನ ಜಾಗಕ್ಕೆ ಹೋದಳು. ಬೀರಪ್ಪನ ಮಗ ಆಗಲೇ ಅಲ್ಲಿ ಗೂಟ ಊರಿಬಿಟ್ಟಿದ್ದ. ಯಾರೂ ಹೇಳದೆಯೇ ಮೈಲಾರೇಶ ಅದನ್ನು ಕಿತ್ತುಕೊಂಡು ತಲೆ ತಗ್ಗಿಸಿ ತಮ್ಮ ಜಾಗಕ್ಕೆ ಸರಿದ. ಅವಳು ಎಡಗೈಯಲ್ಲಿ ತನ್ನ ಗೂಟ ನಿಲ್ಲಿಸಿದಳು. ಗುದ್ದಲು ಕಲ್ಲು ತರಲೇ ಎಂದು ನಾನು ಓಡಿದೆ. ಬೇಡ ಎಂದು ತಲೆಯಾಡಿಸಿದಳು.

ಗೂಟದ ಕವಲಿನ ಮೇಲೆ ಎಡಗಾಲು ಇಟ್ಟು ತುಳಿದಳು. ಆಮೇಲೆ ಬಲಗಾಲು. ಮತ್ತೆ ಎಡಗಾಲು. ಗೂಟ ಮೆಕ್ಕಲಿಗೆ ಇಳಿಯುತ್ತ ಹೋಯಿತು, ಎಲ್ಲರೂ ನೋಡುತ್ತ ನಿಂತರು. ಅದು ಇನ್ನು ಅಲುಗುವುದಿಲ್ಲ ಎಂದು ಗೊತ್ತಾದ ಮೇಲೂ ಅವಳು ಇನ್ನೊಂದು ಸಲ ತುಳಿದಳು.